ಹಿಡಿಯುವ ಸರದಿ

'ಎರಡೇ ಮಾತು ಸಾರ್, ಜಾಸ್ತಿ ಬೇಡ,' ಎಂದು ಬಡಾವಣೆ ಸಂಘದ ಕಾರ್ಯದರ್ಶಿ ಮತ್ತೊಮ್ಮೆ ತೋಳು ಹಿಂಡಿದಾಗ, ಸತ್ತ ಅಪ್ಪನ ಬಗ್ಗೆ ಹೇಳಲು ತನ್ನ ಬಳಿ ಒಂದೇ ಒಂದು ನಿಜವೂ ಇಲ್ಲವೆಂದು ಇತಿಹಾಸದ ಅಧ್ಯಾಪಕನಿಗೆ ಹೊಳೆಯಿತು.

ಸುಳ್ಳುಗಳಿಗೇನೂ ಬರವಿರಲಿಲ್ಲ. ಅಪ್ಪನ ಸುಳ್ಳುಗಳನ್ನು ಗಡಿಯುದ್ದಕ್ಕೂ ಸಾಲಾಗಿ ನಿಲ್ಲಿಸಿದ್ದರೆ ಶತ್ರು ಯುದ್ಧ ಹೂಡುವ ಮೊದಲೇ ಬಿಳಿ ಬಾವುಟ ಹಾರಿಸುತ್ತಿದ್ದ. ಸೈನ್ಯದಲ್ಲಿ, ಕೊಳವೆಯಿಂದ ಬಾಂಬು ಹಾರಿಸುವ ಮಾರ್ಟರ್ ತುಕಡಿಯಲ್ಲಿ ಕಳೆದ ಮೂರು ವರ್ಷವನ್ನು ಆತ ಉಳಿದ ಆಯುಷ್ಯವೆಲ್ಲ ಹೇಳಿದ. ಪ್ರತಿ ಸಲವೂ ಎದುರಿನ ಗುಡ್ಡ ಒಂದೊಂದು ಮಾರು ಬೆಳೆಯಿತು. ಗುಡ್ಡದಾಚೆ, ಕಣ್ಣಿಗೇ ಕಾಣದ ಶತ್ರುವಿನ ಒಲೆಯ ಮೇಲಿದ್ದ ಪಾತ್ರೆಯೊಳಕ್ಕೇ ಬಾಂಬು ಇಳಿಸಿದ್ದನಂತೆ. ಮುಚ್ಚಳ ಮಾತ್ರ ಗುಡ್ಡ ಹಾರಿ ಬಂದು ಇವನ ಕಾಲ ಬಳಿ ಬಿತ್ತಂತೆ, ಇನ್ನೂ ಬಿಸಿ ಬಿಸಿಯಾಗಿ.

ಬೀದಿಯ ಮಕ್ಕಳೆಲ್ಲ ಈ ಕತೆ ಕೇಳಿ ದೊಡ್ಡವರಾದರು. ಸ್ವಂತ ಮಗನಿಗೆ ಬೇಕಿದ್ದುದು ಬೇರೆ. ಅಪ್ಪ ಅವನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ. ತಲೆ ಸವರಲಿಲ್ಲ. ಜ್ವರ ಬಂದಾಗ ಬಾಗಿಲಲ್ಲೇ ನಿಂತು ಅಮ್ಮನನ್ನು ಕೇಳುತ್ತಿದ್ದ: 'ಸುಡ್ತಾ ಇದೆಯೇನೆ?'

'ನೀವೇ ಮುಟ್ಟಿ ನೋಡಬಾರ್ದಾ? ಕೈಗೆ ಯಾರು ಮೂಗುದಾರ ಹಾಕಿದಾರೆ?' ಅನ್ನುತ್ತಿದ್ದಳು ಅಮ್ಮ. ಯಾರು ಹಾಕಿದರೆಂದು ತಿಳಿಯದೆಯೇ ಅವಳೂ ಹೋದಳು. ಈಗ ಕೇಳಲು ಅಪ್ಪನೂ ಇಲ್ಲ.

ಸಂತಾಪ ಸಭೆಗೆ ಜನ ಬಂದಿದ್ದರು. ಅಪ್ಪ ಇದ್ದಿದ್ದರೆ ಲಕ್ಷ ಅನ್ನುತ್ತಿದ್ದ, ಕುರ್ಚಿಗಳೇನೋ ತುಂಬಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪರಿಚಿತ ಮುದುಕನೊಬ್ಬ ಕೈಬೀಸಿ ಕರೆದ.

'ಆ ಕಡೆ ಕಿವಿ ಸತ್ತಿದೆ, ಈ ಕಡೆ ಬಾ, ಇದಕ್ಕೂ ಹತ್ತಿರ ಬಂದ್ರೇನೇ ಕೇಳೋದು!' ಸೂರು ಹಾರಿಹೋಗುವಂಥ ದನಿ. 'ನಿಮ್ಮಪ್ಪನ ತುಕಡಿಯವನು ನಾನು. ನೀನೇ ಅಲ್ವಾ ಆ ಗಂಡು ಮಗು?'

'ಯಾವ ಗಂಡು ಮಗು?'

'ಹೇಳಲೇ ಇಲ್ವಾ? ಅಷ್ಟು ಬಾಯಿಬಡುಕ, ಇದೊಂದು ಹೇಳಲಿಲ್ವಾ!'

ಅವನು ಹೇಳಿದ್ದು ಕೊನೆಯ ಸಾಲಿಗೂ ಕೇಳಿಸಿತು. ಕೆಲವೊಮ್ಮೆ ಬಾಂಬು ಹಾರದೆ ಕೊಳವೆಯ ತಳದಲ್ಲೇ ಕೂತುಬಿಡುತ್ತದೆ. ಆಗ ಉಳಿದವರೆಲ್ಲ ದೂರ ಸರಿಯಬೇಕು, ಒಬ್ಬ ಕೊಳವೆಯ ಬುಡ ಎತ್ತಿ ಬಾಗಿಸಬೇಕು. ಇನ್ನೊಬ್ಬ ಬಾಯಿಯ ಬಳಿ ಎರಡೂ ಕೈ ಒಡ್ಡಿ, ಜಾರಿ ಬರುವುದನ್ನು ಸೂಲಗಿತ್ತಿಯ ಹಾಗೆ ಹಿಡಿಯಬೇಕು. ಅದರ ಮೂತಿಗೆ ಮಾತ್ರ ಏನೂ ತಗಲುವಂತಿಲ್ಲ, ತಗಲಿದರೆ ಸಿಡಿಯುತ್ತದೆ.

'ಅವತ್ತು ಬುಡ ಎತ್ತೋನು ನಾನು, ಹಿಡಿಯೋ ಸರದಿ ನಿಮ್ಮಪ್ಪಂದು. ಅಷ್ಟರಲ್ಲಿ ಫೋನಿನವನು ಕೂಗಿದ, ನಿಂಗೆ ಗಂಡು ಮಗು ಕಣೋ ಅಂತ. ನಿಮ್ಮಪ್ಪ ಕುಣಿದದ್ದೇ ಕುಣಿದದ್ದು. ಕೈಯೆಲ್ಲ ಗಡಗಡ. ಆಗ ನಮ್ಮ ಪಕ್ಕದ ಹುಡುಗ ಅಂದ, ನಡಿಯೋ ಅಪ್ಪಯ್ಯ, ನೀನು ಹೋಗಿ ಸಿಗರೇಟು ಹಂಚು, ಈ ಮಗೂನ ನಾನು ಎತ್ಕೋತೀನಿ.'

'ಆಮೇಲೆ?'

'ಆಮೇಲೆ ಅವನಿಲ್ಲ. ನಂಗೆ ಈ ಕಿವಿಯಿಲ್ಲ.'

ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. 'ಪಾಪ, ವಯಸ್ಸಾಯ್ತು,' ಎಂದು ಕಾರ್ಯದರ್ಶಿ ನಕ್ಕು, ಮೈಕಿನಲ್ಲಿ ಅಧ್ಯಾಪಕನನ್ನು ಕರೆದ.

ಈಗ ಅವನ ಬಳಿ ಒಂದು ನಿಜವಿತ್ತು. ಗಂಟಲ ತಳದಲ್ಲಿ ಅದು ಅಲುಗದೆ ಕೂತಿತ್ತು. ಎದುರಿಗೆ ಕತೆಗಾಗಿ ಕಾದ ಮುಖಗಳು.

'ನಮ್ಮ ತಂದೆ ಒಂದು ಸಲ...' ಎಂದ. ಪಾತ್ರೆ ಬಂತು. ಮುಚ್ಚಳವೂ ಬಂತು. ಮುಚ್ಚಳಕ್ಕೆ ಅಂಟಿದ್ದ ಅಗುಳನ್ನು ಅವನೇ ಹೊಸದಾಗಿ ಸೇರಿಸಿದ. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಥೇಟ್ ಅಪ್ಪನದೇ ದನಿ ಅಂದರು. ಒಂದಕ್ಷರವೂ ಕೇಳಿಸದ ಮುದುಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಬಸ್ ನಿಲ್ದಾಣದವರೆಗೆ ಅಧ್ಯಾಪಕ ಮುದುಕನ ಜೊತೆ ನಡೆದ.

'ಚೆನ್ನಾಗಿ ಮಾತಾಡಿದೆ ಮಗಾ. ಅವನ ಹೆಸರು ಹೇಳ್ದೆ ತಾನೆ?'

'ಯಾರ ಹೆಸರು?'

'ಹಿಡಿಯೋಕೆ ಹೋದವನದು.'

ಅಧ್ಯಾಪಕ ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ ತನಗೇ ತಿಳಿಯದ ಹಾಗೆ. ಬಸ್ಸು ಬಂತು. ಮುದುಕ ಹತ್ತಿ ಕಿಟಕಿಯ ಪಕ್ಕ ಕೂತ.

'ಏನು ಅವನ ಹೆಸರು?' ಅಧ್ಯಾಪಕ ಕೂಗಿದ, ಇನ್ನೊಮ್ಮೆ ಕೂಗಿದ.

ಮುದುಕ ಅವನ ಮುಖವನ್ನೇ ನೋಡಿದ. ಅರ್ಥವಾಗಿರಬೇಕು, ಬಾಯಿ ತೆರೆದ. ಅದೇ ಹೊತ್ತಿಗೆ ಬಸ್ಸಿನ ಹಾರ್ನ್ ಬಡಿದುಕೊಂಡಿತು. ತುಟಿಗಳು ಕೂಡಿದವು, ಅಗಲವಾದವು, ಮತ್ತೆ ಕೂಡಿದವು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಅಧ್ಯಾಪಕ ನಿಂತಲ್ಲೇ ತುಟಿ ಕೂಡಿಸಿದ. ಅಗಲಿಸಿದ. ಕೂಡಿಸಿದ. ದನಿ ಹೊರಡಲಿಲ್ಲ. ಮತ್ತೆ ಮತ್ತೆ ಮಾಡಿದ. ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವನ ಸುತ್ತ ನೆಲದ ಮೇಲೆ ದೊಡ್ಡದೊಂದು ಖಾಲಿ ವೃತ್ತ ಉಳಿಯಿತು.