ಗಿರಿಗೌಡರ ಹೊಸ ಬಿರುದು

ರಾಮನಗರದಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಕೂಟಗಲ್ ಕಡೆಯ ಹಳ್ಳಿಯೊಂದರ ಡೈರಿಗೆ ಇಪ್ಪತ್ತೆರಡು ವರ್ಷದಿಂದ ಗಿರಿಗೌಡರೇ ಅಧ್ಯಕ್ಷರು. ಅವರ ಹುಟ್ಟುಹಬ್ಬದ ಫ್ಲೆಕ್ಸ್ ಬಂತೆಂದರೆ ನನ್ನ ತಲೆ ಕೆಡುತ್ತದೆ.

"ನನ್ ಮಖ ಇನ್ನೊಸಿ ದೊಡ್ದು ಮಾಡ್ಲಾ" ಎಂದು ಗೌಡರು ನನಗೆ ಎಂಟನೇ ಸಲ ಹೇಳುತ್ತಿದ್ದಾಗ, ಕಾಲೇಜಿನ ಸುಚಿತ್ರಾ ಮೇಡಂ ತಮ್ಮ ಉಪನ್ಯಾಸದ ಪೋಸ್ಟರ್ ಮಾಡಿಸಲು ಬಂದರು. ಅದರ ಚಿತ್ರ ಗೌಡರ ಕಣ್ಣಿಗೆ ಬಿತ್ತು.

"ಏನ್ ಮೇಡಮ್ಮೋರೆ ಇದು, ಇಂಗೆ ಒಳೀತೈತೆ?"

"ಕ್ವೇಸಾರ್ ಸಾರ್. ಗ್ಯಾಲಕ್ಸಿ ನಡುವೆ ಕೂತಿರೋ ಕಪ್ಪುಕುಳಿ ಸುತ್ತಲಿನ ಅನಿಲ ನುಂಗುತ್ತೆ. ಒಳಗೆ ಬೀಳೋ ಅನಿಲ ಕಾದು ಹೀಗೆ ಹೊಳೆಯುತ್ತೆ. ಹೊಸ ನಕ್ಷತ್ರ ಹುಟ್ಟೋಕೆ ಆ ಅನಿಲವೇ ಬೇಕು. ಆದರೆ ಉಳಿದಿದ್ದನ್ನೂ ಇದರ ಬಿರುಗಾಳಿ ಎಷ್ಟೋ ಸಲ ಆಚೆಗೆ ಅಟ್ಟಿಬಿಡುತ್ತೆ."

ಇದು ತಮಗೇ ಅಂದಿದ್ದು ಅಂದುಕೊಂಡರೇನೋ ಎಂದು ನಾನು ಗೌಡರತ್ತ ನೋಡಿದೆ. ಅವರ ಮುಖ ಅರಳಿತ್ತು.

"ಈ ಬಿರುದ ಇನ್ನೂ ಯಾರೂ ಆಕ್ಕೊಂಡಿಲ್ಲ ತಾನೆ?"

ಮರುದಿನ ಸರ್ಕಲ್ಲಿನಲ್ಲಿ ಇಪ್ಪತ್ತು ಅಡಿಯ 'ನಮ್ಮ ಹೆಮ್ಮೆಯ ಕ್ವೇಸಾರ್' ಎದ್ದು ನಿಂತರು. ಶುಭ ಕೋರುವ ಹುಡುಗರ ಪುಟ್ಟ ಪುಟ್ಟ ಮುಖಗಳು ಮಾತ್ರ ಈ ಸಲ ಇರಲಿಲ್ಲ. ಗೌಡರ ಮೀಸೆಗೆ ಜಾಗ ಸಾಲದೆ ಅವನ್ನೆಲ್ಲ ನಾನೇ ಅಳಿಸಿದ್ದೆ.