ಎರಡು ತಾಸು ಆಫ್‌ಲೈನ್

ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ಡೇಟಾಬೇಸ್ ನೋಡಿಕೊಳ್ಳುವವನು ನಾನು, ಹನುಮೇಶ್. ಡಾಕ್ಟರಿಗೆ ಕಾಣುವುದು ಒಂದೇ ಪಟ್ಟಿ. ಒಳಗೆ ಅದನ್ನು ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಅಂತ ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ಟೇಬಲ್‌ಸ್ಪೇಸ್ ಕೊಟ್ಟಿದ್ದೆ. ಟೇಬಲ್‌ಸ್ಪೇಸ್ ಅಂದರೆ ಕುರಿ ಕೂಡಿಹಾಕುವ ರೊಪ್ಪ ಇದ್ದ ಹಾಗೆ. ಯಾವ ಕುರಿ ಯಾವ ರೊಪ್ಪದ್ದು ಅನ್ನುವುದು ಒಂದು ಮಾತು, ರೊಪ್ಪ ಯಾವ ನೆಲದ ಮೇಲಿದೆ ಅನ್ನುವುದು ಇನ್ನೊಂದು. ನೆಲ ಅಂದರೆ ಡಿಸ್ಕಿನಲ್ಲಿರುವ ಫೈಲು. ಒಂದನ್ನು ಮುಚ್ಚಿ ರಿಪೇರಿ ಮಾಡಿದರೂ ಮಿಕ್ಕ ಮೂರು ನಡೆಯುತ್ತಿರುತ್ತವೆ. ಈ ಏರ್ಪಾಡಿನ ಬಗ್ಗೆ ನನಗೆ ಜಂಬವಿತ್ತು.

ಹೊಸದುರ್ಗದ ಫೈಲಿದ್ದ ಡಿಸ್ಕು ಕೆಡುತ್ತಾ ಬಂದಿತ್ತು. ಬೇರೆ ಡಿಸ್ಕಿಗೆ ಸಾಗಿಸಲು ಆ ಟೇಬಲ್‌ಸ್ಪೇಸನ್ನು ಎರಡು ತಾಸು ಆಫ್‌ಲೈನ್ ಮಾಡಬೇಕಿತ್ತು. ಅಮಾವಾಸ್ಯೆ ಮಧ್ಯಾಹ್ನ ಆರಿಸಿಕೊಂಡೆ. ಆ ಕಡೆಯವರು ಅಮಾವಾಸ್ಯೆ ದಿನ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ, ಎಂಟು ವರ್ಷದಿಂದ ನೋಡಿದ್ದೇನೆ. ನಮ್ಮವ್ವನೂ ಅಷ್ಟೇ, ಹಲ್ಲುನೋವನ್ನೂ ಪಾಡ್ಯದವರೆಗೆ ತಡೆದುಕೊಳ್ಳುತ್ತಾಳೆ. ಹೇಳಿದರೆ ನೂರೆಂಟು ಪ್ರಶ್ನೆ ಅಂತ ಯಾರಿಗೂ ಹೇಳಲಿಲ್ಲ.

ಇನ್ನೊಂದು ಘನಂದಾರಿ ಕೆಲಸ ಹಿಂದೆಯೇ ಮಾಡಿಟ್ಟಿದ್ದೆ. ಪರದೆ ಮೇಲೆ ಎರರ್ ಬಂದರೆ ನರ್ಸ್‌ಗಳು ಫೋನು ಮಾಡಿ ತಲೆ ತಿನ್ನುತ್ತಾರೆಂದು, ವಿವರ ಸಿಗದಿದ್ದರೆ ಆ ಜಾಗ ಖಾಲಿ ಕಾಣುವ ಹಾಗೆ ಪ್ರೋಗ್ರಾಂ ಬರೆದಿದ್ದೆ.

ಅವತ್ತು ಬೀರೇಶ್ ಬಂದ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಕಡೆ ಕುರಿ ಸಾಕಿಕೊಂಡಿದ್ದವನು. ಕಾಲಿನ ಗಾಯ ಕೀವಾಗಿ ಜ್ವರ ಏರಿದ್ದರಿಂದ ಹೆಂಡತಿ ಜಯಶೀಲಾ ಅಮಾವಾಸ್ಯೆಯನ್ನೂ ನೋಡದೆ ಯಾರದೋ ಟೆಂಪೊದಲ್ಲಿ ಕರೆತಂದಿದ್ದಳು. ಡಾಕ್ಟರ್ ಸ್ವಾತಿ ಕಂಪ್ಯೂಟರಿನಲ್ಲಿ ಅವನ ಪುಟ ತೆರೆದರು. ಎಲ್ಲರ ಹೆಸರು, ಊರು ಈ ಪಾಲಿಗೆ ಸೇರದೆ ಬೇರೆ ಫೈಲಿನಲ್ಲಿದ್ದವು, ಅವು ಬಂದವು. ಮೈಗೆ ಆಗದ ಔಷಧಿ ಅನ್ನುವ ಕಡೆ ಏನೂ ಇರಲಿಲ್ಲ. ಪೆನಿಸಿಲಿನ್ ಸೂಜಿ ಕೊಟ್ಟರು. ಹತ್ತು ನಿಮಿಷದಲ್ಲಿ ಅವನಿಗೆ ಉಸಿರು ಕಟ್ಟಿತು. ಡಾಕ್ಟರು ಎಷ್ಟು ಹೆಣಗಿದರೂ ಉಳಿಯಲಿಲ್ಲ.

ನಾಲ್ಕು ಗಂಟೆಗೆ ಟೇಬಲ್‌ಸ್ಪೇಸ್ ಆನ್‌ಲೈನ್ ಆಯಿತು. ಒಂದು ಸಾಲೂ ಕಳೆದಿರಲಿಲ್ಲ. ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಬೀರೇಶನ ದಾಖಲೆ ತೆರೆದೆ. ಪೆನಿಸಿಲಿನ್ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಕೆಟ್ಟ ಮೇಲೆ ಬುದ್ಧಿ ಬಂದು ಏನು ಸುಖ?

ಕೆಳಗೆ ಹೋದೆ. ಜಯಶೀಲಾ ವಾರ್ಡಿನ ಹೊರಗೆ ನೆಲದ ಮೇಲೆ ಕುಳಿತಿದ್ದಳು. ಕಂಪ್ಯೂಟರ್ ನೋಡಿಕೊಳ್ಳುವವನು ಅಂತ ಹೇಳಿಕೊಂಡೆ.

“ಹೋದ ಸಲ ಈ ಸೂಜಿ ಆಗಲ್ಲ ಅಂತ ನಾನೇ ನಿಂತು ಬರೆಸಿದ್ನಲ್ರೀ. ಎಲ್ಲಿ ಹೋತು ಅದು?” ಎಂದಳು.

“ಎಲ್ಲೂ ಹೋಗಿಲ್ಲಮ್ಮ, ಐತೆ. ಆ ಹೊತ್ನಾಗೆ ನಾನೇ ಬಂದ್ ಮಾಡಿದ್ದೆ.”

ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

“ಡಾಕ್ಟ್ರಮ್ಮ ಕಂಪ್ಯೂಟರ್ ನೋಡ್ತಿದ್ರು. ಬರ್ಕಂಡವ್ರಲ್ಲ ಅಂತ ನಾನು ಬಾಯಿ ಬಿಡ್ಲಿಲ್ಲ. ಒಂದು ಮಾತು ಅಂದಿದ್ರೆ ಉಳೀತಿದ್ರಾ ಸಾರ್?”

“ನಿಮ್ಮ ತಪ್ಪಲ್ಲಮ್ಮ,” ಎಂದೆ. ಉಳಿಯುತ್ತಿದ್ದ ಅನ್ನುವುದು ನನಗೆ ಗೊತ್ತಿತ್ತು.