ರಾವೂರಿನಲ್ಲಿ ಉಳಿದ ನಗು

ನನ್ನ ಶೂಟಿಂಗಿನಲ್ಲಿ ಹೆಣ ನಗದೆ ಯಾರೂ ಮನೆಗೆ ಹೋಗುವಂತಿಲ್ಲ. ಸತ್ತಂತೆ ನಟಿಸಿದವನು ಶಾಟ್ ಮುಗಿದ ಮೇಲೆ ಎದ್ದು ಕುಳಿತು, ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಆ ನಗುವನ್ನೂ ತೆಗೆಯಬೇಕು. ಆಮೇಲೆ ಅದನ್ನು ಕತ್ತರಿಸಿ ಬಿಸಾಡಿದರೂ ನಡೆಯುತ್ತದೆ, ತೆಗೆಯದೇ ಬಿಟ್ಟರೆ ಮಾತ್ರ ಸಾವು ಆ ಮನುಷ್ಯನ ಬೆನ್ನು ಹತ್ತುತ್ತದಂತೆ. ಇದು ನಾನು ಹುಟ್ಟಿಸಿದ ಪದ್ಧತಿಯಲ್ಲ, ಸಿನಿಮಾದವರಲ್ಲಿ ಮೊದಲಿನಿಂದಲೂ ಇದೆ. ನಿನಗೆ ನಂಬಿಕೆಯಿದೆಯೇ ಎಂದು ಕೇಳಬೇಡಿ. ನಗುವಿನ ಶಾಟ್ ಆಗದೆ ನಮ್ಮ ಲೈಟಿನವರು ವೈರು ಸುತ್ತುವುದಿಲ್ಲ, ನನಗೆ ಅಷ್ಟು ಸಾಕು. ಇಪ್ಪತ್ತೆರಡು ವರ್ಷಗಳಲ್ಲಿ ಅದನ್ನು ಒಮ್ಮೆ ಮಾತ್ರ ಬಿಟ್ಟೆ. ಈ ಫೆಬ್ರವರಿಯಲ್ಲಿ, ರಾವೂರಿನ ಕಲ್ಲಿನ ಖಣಿಯಲ್ಲಿ, ಬೇಕಂತಲೇ ಬಿಟ್ಟೆ.

ನಾನು ವಾಡಿಯ ಮಡಿವಾಳಯ್ಯ. ದೆವ್ವದ ಸಿನಿಮಾ, ದೆವ್ವದ ಧಾರಾವಾಹಿ ತೆಗೆಯುವವನು. ದೊಡ್ಡ ಊರುಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಚಿತ್ತಾಪುರದಿಂದ ಚಿಂಚೋಳಿಯವರೆಗೆ ಮಕ್ಕಳು ಊಟಕ್ಕೆ ಹಟ ಮಾಡಿದರೆ ತಾಯಂದಿರು ನನ್ನ ದೆವ್ವಗಳ ಹೆಸರು ಹೇಳಿ ಹೆದರಿಸುತ್ತಾರೆ. ಮದುವೆಯ ವಿಡಿಯೊ ತೆಗೆಯುತ್ತ ಶುರು ಮಾಡಿದೆ. ಮೊದಲ ಸಿನಿಮಾ ಸಿ.ಡಿ. ಆಗಿ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಂತು, ಎರಡನೆಯದು ಕೇಬಲ್ಲಿನಲ್ಲಿ. ಆಮೇಲೆ ಒಂದು ಚಾನೆಲ್ಲಿಗೆ ನೂರನಲವತ್ತು ಕಂತಿನ ಧಾರಾವಾಹಿ ಮಾಡಿದೆ. ಧಾರಾವಾಹಿ ಮುಗಿಯುವ ಮೊದಲೇ ಚಾನೆಲ್ ಮುಗಿಯಿತು. ಈಗ ಫೋನಿನಲ್ಲಿ ನೋಡುವ ಐದೈದು ನಿಮಿಷದ ಕಂತುಗಳು. ಜನರೇಟರ್ ತರಿಸುವ ಯೋಗ್ಯತೆ ನನಗೆ ಎಂದೂ ಇರಲಿಲ್ಲವಾದ್ದರಿಂದ ಲೆನ್ಸಿಗೆ ನೀಲಿ ಗಾಜು ಹಚ್ಚಿ ಮಟಮಟ ಮಧ್ಯಾಹ್ನವನ್ನೇ ರಾತ್ರಿ ಮಾಡಿದೆ. ನನ್ನ ದೆವ್ವಗಳೆಲ್ಲ ಬಿಸಿಲಿನಲ್ಲಿ ಬೆವರಿದವು.

ಈ ಕಸುಬು ನನಗೆ ಕೊಟ್ಟ ರೋಗ ಒಂದೇ, ಸಂಶಯ. ದೆವ್ವಕ್ಕೆ ನಾನು ಅಂಜುವವನಲ್ಲ, ಅದರ ಸೀರೆಗೆ ಪಿನ್ನು ಚುಚ್ಚಿ ನಿಲ್ಲಿಸಿದವನೇ ನಾನು. ಅಂಜುವುದು ಮನುಷ್ಯರಿಗೆ. ನನ್ನ ಎರಡು ಕಥೆಗಳನ್ನು ಕದ್ದು ಚಾನೆಲ್ಲಿಗೆ ಕೊಟ್ಟವನು ನನ್ನ ಜೊತೆ ಒಂದೇ ತಾಟಿನಲ್ಲಿ ಉಂಡ ಕ್ಯಾಮೆರಾಮನ್. ಅಂದಿನಿಂದ ಯಾರಾದರೂ ಕೇಳದೆ ಚಹಾ ಕೊಡಿಸಿದರೆ ಇವನಿಗೆ ನನ್ನಿಂದ ಏನು ಬೇಕಾಗಿದೆ ಎಂದು ಯೋಚಿಸುತ್ತೇನೆ. ಹಾಲಿನವನು ಎರಡು ದಿನ ನಗುತ್ತ ಮಾತಾಡಿದರೆ ಮೂರನೆಯ ದಿನ ಹಾಲಿನಲ್ಲಿ ಬೆರಳು ಅದ್ದಿ ನೋಡುತ್ತೀರಿ ಎಂದು ಹೆಂಡತಿ ಶರಣಬಸಮ್ಮ ಬಯ್ಯುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಸಂಶಯ ಪಡದೇ ನಂಬಿದವನು ಒಬ್ಬನೇ ಇದ್ದ. ಶಹಾಬಾದದ ಫಕೀರಸಾಬ, ನನ್ನ ಹೆಣ. ಕಲ್ಲಿಗೆ ಪಾಲಿಶ್ ಮಾಡುವ ಕೆಲಸದವನು. ನನ್ನ ಮೊದಲ ಸಿನಿಮಾಕ್ಕೆ ಸಮಾಧಿ ಕಟ್ಟಲು ಬೇಕಾದ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಇಳಿಸಲು ಬಂದಿದ್ದ. ಅಂದು ಹೆಣದ ಪಾತ್ರಕ್ಕೆ ಕರೆಸಿದವನು ಸೀನುತ್ತಲೇ ಇದ್ದ. ನಾನು ತಲೆ ಮೇಲೆ ಕೈಹೊತ್ತು ಕುಳಿತಾಗ ಫಕೀರಸಾಬ ಹೋಗಿ ಕಾದ ಕಲ್ಲಿನ ಮೇಲೆ ಮಲಗಿದ. ಒಂದು ನಿಮಿಷ ನಲವತ್ತು ಸೆಕೆಂಡು ಉಸಿರಾಡಲಿಲ್ಲ. ರೆಪ್ಪೆಯ ಮೇಲೆ ನೊಣ ಕುಳಿತು ಹೋಯಿತು. ಅಂದಿನಿಂದ ನನ್ನ ಸಿನಿಮಾಗಳಲ್ಲಿ ಯಾರೇ ಸಾಯಲಿ, ಮುಖಕ್ಕೆ ಬೇರೆ ಮೀಸೆ, ಬೇರೆ ಗಡ್ಡ ಹಚ್ಚಿಕೊಂಡು ಫಕೀರಸಾಬನೇ ಸತ್ತ. ಅವನದೊಂದು ಹಟವಿತ್ತು. ನಾನು ಕಟ್ ಎನ್ನುವವರೆಗೆ ಏಳುತ್ತಿರಲಿಲ್ಲ. ಚಿಂಚೋಳಿಯ ಕಾಡಿನಲ್ಲಿ ಒಮ್ಮೆ ಕಟ್ ಹೇಳುವುದನ್ನು ಮರೆತು ಊಟಕ್ಕೆ ಹೋಗಿಬಿಟ್ಟಿದ್ದೆ. ಕೈತೊಳೆದು ಬಂದರೆ ಪುಣ್ಯಾತ್ಮ ಇರುವೆ ಕಚ್ಚಿಸಿಕೊಂಡು ಹಾಗೇ ಮಲಗಿದ್ದ. ಕಟ್ ಎಂದ ಮೇಲೆ ಎದ್ದು ಕುಳಿತು ನಕ್ಕನಲ್ಲ, ಆ ನಗು ನೋಡಿ ಲೈಟಿನವರೆಲ್ಲ ಹೊಟ್ಟೆ ಹಿಡಿದುಕೊಂಡರು.

ಈಗಿನ ಕ್ಯಾಮೆರಾ ದರಿದ್ರ ಕ್ಯಾಮೆರಾ. ನೀಲಿ ಗಾಜಿನ ಕಾಲದಲ್ಲಿ ಹೆಣ ಉಸಿರಾಡಿದರೂ ಕಾಣುತ್ತಿರಲಿಲ್ಲ, ಇದರಲ್ಲಿ ರೆಪ್ಪೆಯ ಕೂದಲು ಎಣಿಸಬಹುದು. ರಾವೂರಿನಲ್ಲಿ ನನಗೆ ಬೇಕಾಗಿದ್ದು ನಲವತ್ತು ಸೆಕೆಂಡಿನ ಒಂದು ಶಾಟ್. ಪಾದದಿಂದ ಶುರುವಾಗಿ ಮುಖದವರೆಗೆ ಕ್ಯಾಮೆರಾ ನಿಧಾನವಾಗಿ ಹೋಗಬೇಕು. ಮೊದಲ ಸಲ ಮೂವತ್ತಕ್ಕೆ ಫಕೀರಸಾಬನ ಹೊಟ್ಟೆ ಅಲುಗಿತು. ಎರಡನೆಯ ಸಲ ಇಪ್ಪತ್ತೈದಕ್ಕೆ. ಐದನೆಯ ಸಲ ಹದಿನೈದೂ ದಾಟಲಿಲ್ಲ.

ಇಂಥ ಮನುಷ್ಯ ಹದಿನೈದು ಸೆಕೆಂಡಿಗೆ ಸೋಲುತ್ತಾನೆಂದರೆ ಯಾರು ನಂಬುತ್ತಾರೆ? ಮೂರು ದಿನದ ಹಿಂದೆ ವಾಡಿ ಸ್ಟೇಶನ್ನಿನ ಚಹಾದ ಅಂಗಡಿಯಲ್ಲಿ ನಾನು ಅವನನ್ನು ತಾರೀಕನ ಜೊತೆ ನೋಡಿದ್ದೆ. ಸೇಡಂನ ತಾರೀಕ ನನ್ನ ಹತ್ತಿರವೇ ಕೆಲಸ ಕಲಿತು, ಈಗ ತನ್ನದೇ ದೆವ್ವದ ಕಂತು ತೆಗೆಯುವವನು. ನನ್ನನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದ್ದರು. ಈಗ ಎಲ್ಲ ಕೂಡಿ ಬಂತು. ನನ್ನ ಶಾಟ್ ಕೆಡಿಸಿ, ನನ್ನಿಂದಲೇ ಹೋಗು ಅನ್ನಿಸಿಕೊಂಡು, ಸೀದಾ ಸೇಡಂಗೆ ಹೋಗುವ ಹಂಚಿಕೆ ಎಂದು ನನ್ನ ತಲೆ ಲೆಕ್ಕ ಹಾಕಿತು. ಲೈಟಿನವರು, ಮೇಕಪ್ಪಿನವಳು ಎಲ್ಲರೂ ಇದ್ದಂತೆಯೇ ಕೂಗಿದೆ:

“ಹೊಟ್ಟಿ ಅಲಗ್ಯಾಡಲಿಕತ್ತದ ಫಕೀರಸಾಬ. ಅಲಗ್ಯಾಡ್ಸು ಅಂತ ಯಾರ್ ಹೇಳಿ ಕಳಸ್ಯಾರ ನಿನಗ?”

ಅವನು ಕಣ್ಣು ತೆರೆಯದೆ ಇನ್ನೊಂದು ತೆಗೆಯಿರಿ ಅಯ್ಯನೋರ ಎಂದ. ಒಂಬತ್ತು ಸಲ ತೆಗೆದೆ. ಕೊನೆಗೆ ಸಿಟ್ಟಿನಿಂದ ಅವನ ಮೇಲೊಂದು ಬಿಳಿ ಚಾದರ ಎಸೆದು ಶಾಟ್ ಇಟ್ಟೆ. ಚಾದರವೂ ಅಲುಗಿತು. ನಾನು ಏನೂ ಹೇಳದೆ ಕ್ಯಾಮೆರಾ ಬಂದ್ ಮಾಡಿ ಜೀಪಿನ ಕಡೆ ನಡೆದೆ. ನಗೋದು ಉಳಿದಿದೆ ಎಂದು ಲೈಟಿನ ಜಿಲಾನಿ ಹಿಂದಿನಿಂದ ನೆನಪಿಸಿದ. ನಾನು ತಿರುಗಿ, ಜಿಲಾನಿಗಲ್ಲ, ಆ ಚಾದರಕ್ಕೆ ಹೇಳಿದೆ:

“ತಾರೀಕನ ಮುಂದ ಹೋಗಿ ನಗು.”

ಜೀಪು ಹೊರಟಾಗ ಕನ್ನಡಿಯಲ್ಲಿ ನೋಡಿದೆ. ಲೈಟಿನವರು ವೈರು ಸುತ್ತದೆ ನಿಂತಿದ್ದರು. ಚಾದರ ಹಾಗೇ ಮಲಗಿತ್ತು.

ಅದಾದ ಮೇಲೆ ಫಕೀರಸಾಬ ಫೋನ್ ಎತ್ತಲಿಲ್ಲ. ಎತ್ತದಿದ್ದದ್ದು ನನಗೆ ಸಾಕ್ಷಿಯಾಗಿಯೇ ಕಂಡಿತು. ಮಾರ್ಚಿನಲ್ಲಿ ಒಂದು ಮಂಗಳವಾರ ಎಡಿಟಿಂಗಿಗೆಂದು ಕಲಬುರಗಿಯ ರೈಲಿನಲ್ಲಿ ಕುಳಿತಿದ್ದೆ. ಶಹಾಬಾದ ಸ್ಟೇಶನ್ನಿನಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಗಲಲ್ಲಿ ಒಂದು ಚೀಲ ಹಿಡಿದು ಮುಂದಿನ ಡಬ್ಬಿ ಹತ್ತಿದ. ಕಲ್ಲಿನ ಕೆಲಸಕ್ಕೆ ಯಾರೂ ಇಸ್ತ್ರಿ ಮಾಡಿಕೊಂಡು ಹೋಗುವುದಿಲ್ಲ. ಮುಂದಿನ ಮಂಗಳವಾರ ಎಡಿಟಿಂಗ್ ಇರಲಿಲ್ಲ, ಆದರೂ ಅದೇ ರೈಲಿನಲ್ಲಿ ಹೋದೆ. ಅವನೂ ಹತ್ತಿದ. ಕಲಬುರಗಿಯಲ್ಲಿ ಇಳಿದರೆ ಗೇಟಿನ ಹೊರಗೆ ಮೋಟರ್‌ಸೈಕಲ್ ಹಿಡಿದು ನಿಂತವನು ತಾರೀಕ. ಸಿಕ್ಕಿಬಿದ್ದರಲ್ಲ ಎಂದು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆಟೊದವನಿಗೆ ಆ ಮೋಟರ್‌ಸೈಕಲ್ಲಿನ ಹಿಂದೆ ಹೋಗು ಎಂದೆ.

ಮೋಟರ್‌ಸೈಕಲ್ ನಿಂತದ್ದು ಒಂದು ಆಸ್ಪತ್ರೆಯ ಮುಂದೆ. ಆಗಲೂ ನಾನು ಬಿಡಲಿಲ್ಲ. ಇಲ್ಲೇ ಶೂಟಿಂಗ್ ಇಟ್ಟಿದ್ದಾರೆ, ಆಸ್ಪತ್ರೆಯ ದೆವ್ವ ಇರಬೇಕು ಎಂದುಕೊಂಡು ಒಳಗೆ ಹೋದೆ. ಉದ್ದನೆಯ ಓಣಿಯಂಥ ಜಾಗದ ಕೊನೆಯಲ್ಲಿ ಎಕ್ಸ್‌ರೇ ಕೋಣೆ. ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಾತು ಕೇಳುತ್ತಿತ್ತು.

“ಉಸಿರು ಒಳಗ ತಗೋರಿ. ಹಿಡೀರಿ. ಅಲಗ್ಯಾಡಬ್ಯಾಡ್ರಿ.”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಮ್ಮು. ಆಗಲಿಲ್ಲ, ಇನ್ನೊಮ್ಮೆ ತೆಗೆಯೋಣ ಎಂದು ಒಳಗಿನವನು ಹೇಳಿದ. ಎರಡನೆಯ ಸಲವೂ ಕೆಮ್ಮು ಬಂತು. ಮೂರನೆಯ ಸಲ ಫಕೀರಸಾಬನ ದನಿ ಕೇಳಿಸಿತು, ಇನ್ನೊಂದು ತೆಗೆಯಿರಿ ಎಂದು. ರಾವೂರಿನಲ್ಲಿ ನನಗೆ ಹೇಳಿದ ಅದೇ ದನಿ. ಗೋಡೆಗೆ ಆನಿಸಿ ಹಾಕಿದ ಬಾಕಿನ ಮೇಲೆ ಕುಳಿತೆ.

ತಾರೀಕ ಅದೇ ಬಾಕಿನ ಆ ತುದಿಯಲ್ಲಿದ್ದ. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಎಕ್ಸ್‌ರೇ ತೆಗೆಯುವವನು ತನ್ನ ತಮ್ಮನೆಂದೂ, ಅದಕ್ಕೇ ಫಕೀರಸಾಬ ತನ್ನನ್ನು ಕೇಳಿಕೊಂಡನೆಂದೂ ಹೇಳಿದ. ಮೂವತ್ತು ವರ್ಷದ ಕಲ್ಲಿನ ಧೂಳು ಎದೆಯಲ್ಲಿ ಕೂತಿದೆಯಂತೆ. ಪಾಲಿಶ್ ಕೆಲಸ ಬಿಟ್ಟು ವರ್ಷವಾಗಿದೆಯಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೆಣದ ಪಾರ್ಟ್ ಹೋಗ್ತದಂತ ಅಂಜ್ಯಾನ್ರಿ,” ಎಂದ ತಾರೀಕ. “ಅಯ್ಯನೋರಿಗೆ ಗೊತ್ತಾಗಬಾರ್ದು ಅಂತ ನನ್ನ ಕಡಿಂದ ಆಣಿ ಹಾಕಸ್ಯಾನ.”

ನಾನು ಫಕೀರಸಾಬ ಹೊರಗೆ ಬರುವ ಮೊದಲೇ ಎದ್ದು ಬಂದೆ. ಅವನ ಮುಖ ನೋಡುವ ಧೈರ್ಯ ಆಗಲಿಲ್ಲ, ನಾಚಿಕೆಯಾಯಿತು.

ಎರಡು ದಿನ ಬಿಟ್ಟು, ಬೆಳಿಗ್ಗೆ, ಕ್ಯಾಮೆರಾ ತೆಗೆದುಕೊಂಡು ಶಹಾಬಾದಕ್ಕೆ ಹೋದೆ. ನಗುವಿನ ಶಾಟ್ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದು ಹುಚ್ಚು ಎಂದು ನನಗೂ ಗೊತ್ತು. ಆದರೆ ಧೂಳು ತೆಗೆಯುವುದು ನನ್ನ ಕೈಯಲ್ಲಿಲ್ಲ, ನಗು ತೆಗೆಯುವುದು ಇದೆ. ಬಾಗಿಲಲ್ಲಿ ಅವನ ಹೆಂಡತಿ ರಶೀದಾಬೇಗಂ ಎರಡೂ ಕಡೆ ಕೈಯಿಟ್ಟು ನಿಂತರು. ಇಪ್ಪತ್ತೆರಡು ವರ್ಷ ನನಗೆ ಈದಿಗೆ ಶೀರಕುರ್ಮಾ ಉಣಿಸಿದ ಭಾಭಿ. ಕ್ಯಾಮೆರಾ ಯಾಕೆ ಎಂದು ಕೇಳಿದರು. ನಗು ಉಳಿದಿದೆ, ಅದಕ್ಕೆ ಎಂದೆ. ಅವರು ಬಾಗಿಲಿಗಿಟ್ಟ ಕೈ ತೆಗೆಯಲಿಲ್ಲ.

“ನಿಮ್ಮ ಅಪ್ಪನ್ನೇ ಬಿಟ್ಟಿಲ್ಲ ನೀವು ಅಯ್ಯನೋರ. ಇವ್ರನ್ನ ಬಿಡ್ತೀರಿ ಅಂತ ನಾ ಹ್ಯಾಂಗ ನಂಬಲಿ?”

ಖರೇ. ನನ್ನ ತಂದೆ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಹೂವಿನ ವಿಮಾನ ಕಟ್ಟಿ, ಹೆಣವನ್ನು ಅದರಲ್ಲಿ ಕೂಡಿಸಿ ಮೆರವಣಿಗೆ ಮಾಡಿದ್ದನ್ನು ನಾನೇ ಕ್ಯಾಮೆರಾದಲ್ಲಿ ಹಿಡಿದಿದ್ದೆ, ಮನೆಯ ನೆನಪಿಗೆ ಎಂದು. ಎಂಟು ತಿಂಗಳ ನಂತರ ಒಂದು ಕಂತಿಗೆ ಅಂಥ ದೃಶ್ಯ ಬೇಕಾಯಿತು. ಡೊಳ್ಳಿನ ಸದ್ದು ಕೂಡಿಸಿ ಅದನ್ನೇ ಹಾಕಿದೆ. ಊರವರು ಗುರುತು ಹಿಡಿದರು. ತಾಯಿ ಸಾಯುವವರೆಗೆ ನನ್ನ ಧಾರಾವಾಹಿ ಮತ್ತೆ ನೋಡಲಿಲ್ಲ. ಇನ್ನೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಂದು ಬೆಳಿಗ್ಗೆ ರೈಲಿನಲ್ಲಿ ಬರುವಾಗ, ಬಡವಾದ ಆ ಮುಖ ಕ್ಯಾಮೆರಾದಲ್ಲಿ ಭಾಳ ಚೆನ್ನಾಗಿ ಬರುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿ ಬಂದು ಹೋಗಿತ್ತು. ಭಾಭಿಯ ಸಂಶಯ ಸುಳ್ಳಾಗಿರಲಿಲ್ಲ.

ಅಯ್ಯನೋರನ್ನು ಒಳಗೆ ಬಿಡು ಎಂದು ಫಕೀರಸಾಬ ಒಳಗಿನಿಂದ ಹೇಳಿದ. ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕುಳಿತಿದ್ದ. ಮಂಗಳವಾರದ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ, ಆದರೆ ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಿತ್ತು, ತಾರೀಕ ಹೇಳಿದ್ದಿರಬೇಕು. ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಹಚ್ಚಿ ನಗು ಎಂದೆ. ಪಾಪ, ಪ್ರಯತ್ನ ಮಾಡಿದ. ಹಲ್ಲು ಕಂಡವು, ನಗು ಬರಲಿಲ್ಲ. ಸತ್ತ ಮೇಲೆ ಬರುವ ನಗು ಅದು, ಕುಳಿತಲ್ಲಿ ಬರುವುದಿಲ್ಲ ಎಂದ. ನನ್ನ ಕಣ್ಣು ನೆಲದ ಪರಸಿಯ ಕಡೆ ಹೋಯಿತು. ಅದನ್ನು ಭಾಭಿ ನೋಡಿದರು. ಇನ್ನು ಮುಂದೆ ಈ ಮನೆಯಲ್ಲಿ ತನ್ನ ಗಂಡ ಹೆಣವಾಗಿ ಮಲಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.

ಫಕೀರಸಾಬ ನನ್ನನ್ನೇ ನೋಡುತ್ತಿದ್ದ.

“ನೀವು ಮಕ್ಕೋರಿ ಅಯ್ಯನೋರ,” ಎಂದ.

ಚೇಷ್ಟೆ ಎಂದುಕೊಂಡೆ. ಚೇಷ್ಟೆಯಾಗಿರಲಿಲ್ಲ. ಮಂಚದ ಅಂಚಿಗೆ ಸರಿದು ಯಾವ ಗುಂಡಿ ಒತ್ತಬೇಕು ಎಂದು ಕೇಳಿದ. ತೋರಿಸಿ, ಸ್ಟ್ಯಾಂಡನ್ನು ಅವನ ಮುಂದೆ ಸರಿಸಿ ಕ್ಯಾಮೆರಾದ ಮೂತಿಯನ್ನು ನೆಲದ ಕಡೆ ತಿರುಗಿಸಿದೆ. ಆಮೇಲೆ ಚಪ್ಪಲಿ, ಕನ್ನಡಕ ತೆಗೆದು ಅವನ ಮನೆಯ ನೆಲದ ಮೇಲೆ ಅಂಗಾತ ಮಲಗಿದೆ. ಅರವತ್ತಕ್ಕೂ ಹೆಚ್ಚು ಜನರನ್ನು ಕೊಂದವನು ನಾನು, ಒಮ್ಮೆಯೂ ಮಲಗಿ ನೋಡಿರಲಿಲ್ಲ. ಉಸಿರು ಹಿಡಿದು ಕಣ್ಣು ಮುಚ್ಚಿದೆ. ಮುಚ್ಚಿದ ಕೂಡಲೇ ಇವರಿಬ್ಬರೂ ನನ್ನನ್ನು ಏನು ಮಾಡುತ್ತಾರೋ ಎಂದು ಅನಿಸಿತು. ಸಂಶಯದ ಮನುಷ್ಯ ಕಣ್ಣು ಮುಚ್ಚಿ ಇನ್ನೊಬ್ಬರ ಮುಂದೆ ಮಲಗುವುದು ಸುಲಭವಲ್ಲ. ಇಪ್ಪತ್ತೆರಡು ವರ್ಷ ಇವನು ನನ್ನ ಮುಂದೆ ಹೀಗೆ ಮಲಗಿದ್ದ, ನಾನು ಎಬ್ಬಿಸುತ್ತೇನೆ ಎಂದು ನಂಬಿ. ಹನ್ನೊಂದೋ ಹನ್ನೆರಡೋ ಎಣಿಸಿದ್ದೆ.

“ಹೊಟ್ಟಿ ಅಲಗ್ಯಾಡಲಿಕತ್ತದ,” ಎಂದ ಫಕೀರಸಾಬ.

ನನಗೆ ಅಳು ಬಂತು, ತಡೆದುಕೊಂಡೆ. ಅವನು ಕಟ್ ಎನ್ನಲಿ ಎಂದು ಕಾಯುತ್ತ ಮಲಗಿದೆ. ಅವನು ಅನ್ನಲಿಲ್ಲ. ಬೆನ್ನಿನ ಕೆಳಗೆ ಕಲ್ಲು ತಣ್ಣಗಿತ್ತು. ರಾವೂರಿನಲ್ಲಿ ಅದು ಸುಡುತ್ತಿತ್ತು. ಹೊರಗೆ ಯಾವುದೋ ಲಾರಿ ಕಲ್ಲು ಹೇರಿಕೊಂಡು ಹೋಯಿತು. ಕೊನೆಗೆ ಕಣ್ಣು ಮುಚ್ಚಿಯೇ ಕೇಳಿದೆ, ಕಟ್ ಅನ್ನುವುದಿಲ್ಲವೇ ಎಂದು.

“ಅದು ನೀವು ಅನ್ನಬೇಕು ಅಯ್ಯನೋರ. ರಾವೂರದಾಗ ನೀವು ಕಟ್ ಅಂದಿಲ್ಲ. ನಾ ಇನ್ನಾ ಅಲ್ಲೇ ಮಕ್ಕೊಂಡೀನಿ.”

ಆ ಚಾದರ ಕಣ್ಣಿಗೆ ಕಟ್ಟಿತು. ನಾನು ಕನ್ನಡಿಯಲ್ಲಿ ನೋಡಿಯೂ ತಿರುಗದೆ ಹೋದದ್ದು ನೆನಪಾಯಿತು.

“ಕಟ್,” ಎಂದೆ.

ಫಕೀರಸಾಬ ನಕ್ಕ. ಚಿಂಚೋಳಿಯ ಕಾಡಿನಲ್ಲಿ ನಕ್ಕಂಥದ್ದೇ ನಗು, ಎದೆಯೊಳಗಿಂದ ಕಲ್ಲು ಉಜ್ಜಿದಂಥ ಸದ್ದು ಮಾತ್ರ ಕೂಡಿತ್ತು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ನಾನು ಕಣ್ಣು ತೆರೆದೆ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು, ಅದು ನೋಡುತ್ತಿದ್ದದ್ದು ನೆಲದ ಮೇಲೆ ಬಿದ್ದ ನನ್ನನ್ನು. ನಗು ಅದರ ಬೆನ್ನ ಹಿಂದೆ ಆಗುತ್ತಿತ್ತು. ನಾನು ಏಳಲು ಕೈ ಊರಿದೆ. ಅಷ್ಟರಲ್ಲಿ ರಶೀದಾ ಭಾಭಿ ಕೆಮ್ಮಿಗೆಂದು ತಂದ ನೀರಿನ ಲೋಟ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಕ್ಯಾಮೆರಾದ ಮೂತಿಯನ್ನು ಗಂಡನ ಕಡೆಗೆ ತಿರುಗಿಸಿದರು.